ಎರಡು ಸುತ್ತಿನ ಮಾಸ್ತರು

ಭಾನುವಾರದ ಓಟಕ್ಕೆ ಎರಡೇ ದಿನ ಉಳಿದಿರುವಾಗ ಆಸ್ಪತ್ರೆಯ ಫಿಸಿಯೋಥೆರಪಿ ಮಾಸ್ತರರ ಎಡಗಾಲು ಕೈಕೊಟ್ಟಿತು. ಮೀನಖಂಡ ಹಿಡಿದುಕೊಂಡಿತ್ತು.

ಮೂವತ್ತು ವರ್ಷದ ಹಿಂದೆ ಎರಡು ಸುತ್ತಿನ ಎಂಟುನೂರು ಮೀಟರ್ ಓಟದ ಫೈನಲ್‌ನಲ್ಲಿ ಅವರು ಕೂದಲೆಳೆಯಲ್ಲಿ ನಾಲ್ಕನೆಯವರಾಗಿದ್ದರು. ಪದಕ ಮೂವರಿಗೆ. ಆ ಕೂದಲು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಈಗ ಐವತ್ತು ದಾಟಿದವರಿಗೂ ಓಟ, ನಡಿಗೆ ಎರಡೂ ಇವೆ. ಫಾರಂಗೆ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮನ ಸಹಿ ಬೇಕು, ಅದೂ ಇವತ್ತೇ.

ಕುಂಟಿದರೆ ಸಹಿ ಇಲ್ಲ. ‘ನೋವಿದ್ದರೆ ಆರು ವಾರ ಓಡಬೇಡಿ’ ಎಂಬ ಬೋರ್ಡನ್ನು ಗೋಡೆಗೆ ಹೊಡೆದವರೇ ಡಾಕ್ಟರಮ್ಮ.

ಮಾಸ್ತರು ಹಲ್ಲು ಕಚ್ಚಿಕೊಂಡು ಬೆಳಗಿನ ಕ್ಲಾಸು ಶುರುಮಾಡಿದರು. ಬಸ್ ಡ್ರೈವರು, ನಿವೃತ್ತ ಟೀಚರಮ್ಮ, ದರ್ಜಿ ಸೇರಿ ಮಂಡಿ ಆಪರೇಷನ್ ಆದ ಐವರು ಕಾರಿಡಾರಿನಲ್ಲಿ ಅವರ ಹಿಂದೆ ಸಾಲಾಗಿ ನಡೆಯಬೇಕು. ಪಾಠ ಒಂದೇ: “ನಾನು ಹೆಂಗೆ ಕಾಲಿಡ್ತೀನೋ ಹಂಗೇ ಇಡಿ.”

ಹಾಗೇ ಇಟ್ಟರು. ಡಾಕ್ಟರಮ್ಮ ಬರುವ ಹೊತ್ತಿಗೆ ಐವರೂ ಒಂದೇ ತಾಳಕ್ಕೆ ಎಡಗಾಲು ಎಳೆಯುತ್ತಿದ್ದರು, ಗಾಲಿ ಸೊಟ್ಟಗಾದ ರೈಲಿನ ಹಾಗೆ.

“ನಿಮ್ಮದು ಬಲಮಂಡಿ ಅಲ್ವೇನ್ರೀ?” ಡಾಕ್ಟರಮ್ಮ ಬಸ್ ಡ್ರೈವರನ್ನು ಕೇಳಿದರು.

“ಹೌದು ಮೇಡಂ. ಆದ್ರೆ ಮಾಸ್ತರು ಎಡಕ್ಕೆ ಕುಂಟ್ತಿದಾರಲ್ಲ.”

“ನಾನ್ಯಾಕೆ ಕುಂಟ್ಲಿ? ಇದು ಹೊಸ ವ್ಯಾಯಾಮ,” ಎಂದು ಮಾಸ್ತರು ಎದೆ ಸೆಟೆಸಿದರು.

“ಹೌದಾ? ಹಂಗಾದ್ರೆ ಎಲ್ಲರೂ ನಡ್ಕೊಂಡೇ ಕಾಂಪೌಂಡ್ ಎರಡು ಸುತ್ತು ಹಾಕಿ. ಯಾರ ಕಾಲು ನೆಟ್ಟಗಿದೆ ನೋಡಿ ಸಹಿ ಹಾಕ್ತೀನಿ.”

ಎರಡು ಸುತ್ತು. ಹರೆಯವನ್ನೆಲ್ಲ ಮಾಸ್ತರು ಕಳೆದದ್ದು ಅದರಲ್ಲೇ.

ಮೊದಲ ಸುತ್ತಿನಲ್ಲಿ ಮುಂದಿದ್ದರು. ಎರಡನೆಯದರಲ್ಲಿ ಮೀನಖಂಡದೊಳಗೆ ಯಾರೋ ಸ್ಕ್ರೂ ತಿರುಗಿಸತೊಡಗಿದರು. ಟೀಚರಮ್ಮ ಬೆನ್ನ ಹಿಂದೆಯೇ ಬಂದರು. ಹುರುಪಿನಲ್ಲಿ ಅವರಿಗೆ ಕುಂಟುವುದೇ ಮರೆತುಹೋಗಿತ್ತು.

“ದಾರಿ ಬಿಡಿ ಮಾಸ್ತರೇ.”

“ಬಿಡಲ್ಲ.”

“ಸರಿ, ಬಳಸ್ಕೊಂಡು ಹೋಗ್ತೀನಿ.” ಹೋದರು. ಆಮೇಲೆ ಡ್ರೈವರು, ಬಾಯಲ್ಲೇ ಹಾರನ್ ಹೊಡೆಯುತ್ತ. ಆಮೇಲೆ ಊರುಗೋಲಿನ ದರ್ಜಿ.

ಮಾಸ್ತರು ನಾಲ್ಕನೆಯವರಾಗಿ ಬಂದು ಕಂಬ ಹಿಡಿದರು. “ಮಧ್ಯದಲ್ಲಿ ನಿಲ್ಲಲಿಲ್ಲ ನಾನು. ನೋಡಿದ್ರಲ್ಲ?”

“ನೋಡಿದೆ,” ಎಂದ ಡಾಕ್ಟರಮ್ಮ ಫಾರಂ ಮೇಲೆ ಏನೋ ಗೀಚಿ, ಸಹಿ ಹಾಕಿ ಚಾಚಿದರು.

ಅರಳಿದ ಮುಖದಿಂದಲೇ ಮಾಸ್ತರು ಓದಿದರು. ‘ಓಟ’ ಹೊಡೆದುಹಾಕಿ ‘ನಡಿಗೆ’ ಎಂದು ಬರೆದಿತ್ತು. ಅವರ ಹೆಸರು ಹೊಡೆದುಹಾಕಿ ಟೀಚರಮ್ಮನ ಹೆಸರು.

“ಭಾನುವಾರ ನೀವೂ ಬನ್ನಿ,” ಟೀಚರಮ್ಮ ಮೆಲ್ಲಗೆ ಅಂದರು. “ನನ್ನ ಚಪ್ಪಲಿ ನೋಡ್ಕೊಳ್ಳೋಕೆ ಒಬ್ರು ಬೇಕು.”

ಮಾಸ್ತರು ಫಾರಂ ಮಡಚಿ ಅವರ ಕೈಗಿಟ್ಟರು.

“ಬರ್ತೀನಿ. ಆದ್ರೆ ನಾನು ಕುಂಟ್ತಾ ಇಲ್ಲ,” ಎಂದು ತಲೆಯೆತ್ತಿ ಕಾರಿಡಾರಿನ ಕಡೆ ಹೊರಟರು.

ಹಿಂದೆ ಐವರೂ ಸಾಲುಹಿಡಿದರು, ಶಿಸ್ತಾಗಿ ಎಡಗಾಲು ಎಳೆಯುತ್ತ.