ಮಾವನವರ ಇಸ್ರೇಲು, ನನ್ನ ಮದುವೆ

ನನ್ನ ಆಯುಷ್ಯದಲ್ಲಿ ಲೋಕದ ಅಂತ್ಯ ಎರಡು ಸಲ ಬಂದು ಹೋಗಿದೆ. ನಡುವೆ ಬಂದ ಸಣ್ಣಪುಟ್ಟವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಎರಡು ಸಲವೂ ಅದು ಕಾಪುವಿನ ಕಡೆಯಿಂದಲೇ ಬಂತು, ಎರಡು ಸಲವೂ ನನಗೆ ಬೇರೆ ಕೆಲಸ ಇದ್ದಾಗಲೇ ಬಂತು. ಉಳಿದವರ ಬಾಳಿನಲ್ಲಿ ಇಂಥದ್ದು ನಡೆಯುವುದಿಲ್ಲವೋ, ನಡೆದರೂ ಮರ್ಯಾದೆಗೆ ಅಂಜಿ ಹೇಳುವುದಿಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಈ ವಯಸ್ಸಿನಲ್ಲಿ ಕಳೆದುಕೊಳ್ಳುವ ಮರ್ಯಾದೆ ಹೆಚ್ಚೇನೂ ಉಳಿದಿಲ್ಲ.

ಆಗ ನಾನು ಕಾರ್ಕಳದ ಒಂದು ಶಾಲೆಯಲ್ಲಿ ಲೆಕ್ಕದ ಮಾಸ್ಟ್ರು. ಹುಡುಗಿ ಕಾಪುವಿನ ಉಪದೇಶಿಯವರ ಮಗಳು. ನಮ್ಮ ಪ್ರೊಟೆಸ್ಟೆಂಟರ ಸಣ್ಣ ಸಭೆಗಳಲ್ಲಿ ಪ್ರತಿ ಆದಿತ್ಯವಾರ ಆರಾಧನೆ ನಡೆಸುವವರು ಉಪದೇಶಿಗಳು. ದೀಕ್ಷೆ ಪಡೆದ ಅಯ್ಯನವರು ಉಡುಪಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಇಷ್ಟು ತಿಳಿದಿದ್ದರೆ ನನ್ನ ಕಷ್ಟ ಅರ್ಥವಾಗುತ್ತದೆ.

೧. ಹೆಣ್ಣು ನೋಡಲು ಹೋದದ್ದು

ಐವತ್ತಾರನೆಯ ಇಸವಿಯಲ್ಲಿ ಮಳೆ ಬಿಟ್ಟ ಮೇಲೆ ಅಯ್ಯನವರೇ ಸಂಬಂಧ ತಂದು, ಅವರೇ ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದರು. ಬೇರೆಯವರ ಮನೆಯಲ್ಲಿ ಅಜ್ಜ ಅಜ್ಜಿಯ ಫೋಟೋ ಇರುವ ಜಾಗದಲ್ಲಿ ಉಪದೇಶಿಯವರ ಮನೆಯಲ್ಲಿ ಪವಿತ್ರ ನಾಡಿನ ನಕ್ಷೆ ಇತ್ತು. ಅದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಅಳಿಸಿ, ಮತ್ತೆ ಗುರುತು ಹಾಕಿದ್ದರು.

ಅವರು ನನ್ನ ಸಂಬಳ ಕೇಳಲಿಲ್ಲ, ಜಾಗ ಎಷ್ಟು ಉಂಟೆಂದು ಕೇಳಲಿಲ್ಲ. ನೇರವಾಗಿ, "ಮಾಸ್ಟ್ರೇ, ಪ್ರವಾದಿಗಳು ಇಸ್ರೇಲು ಎಂದು ಬರೆದದ್ದು ಯಾರ ಬಗ್ಗೆ? ಆ ದೇಶದ ಜನರ ಬಗ್ಗೆಯೋ, ನಮ್ಮ ಕ್ರೈಸ್ತ ಸಭೆಯ ಬಗ್ಗೆಯೋ?" ಎಂದರು.

ನಾನು ಅಯ್ಯನವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಇಸ್ರೇಲಿಗೆ ಕೊಟ್ಟ ವಾಗ್ದಾನವೆಲ್ಲ ಸಭೆಯಲ್ಲಿ ನೆರವೇರಿತು, ಸಾವಿರ ವರ್ಷದ ಆಳ್ವಿಕೆ ಎಂದರೆ ಬೆರಳು ಮಡಚಿ ಎಣಿಸುವ ಸಾವಿರವಲ್ಲ ಎಂಬುದು ಅಯ್ಯನವರ ನಂಬಿಕೆ. ಯೆಹೂದ್ಯರಿಗೆ ದೇಶ ಸಿಕ್ಕಿದಂದಿನಿಂದ ಕೊನೆಯ ಗಡಿಯಾರ ಓಡತೊಡಗಿದೆ, ಮೊದಲು ಕರ್ತನು ಬಂದು ವಿಶ್ವಾಸಿಗಳನ್ನು ಮೇಲಕ್ಕೆತ್ತಿಕೊಳ್ಳುತ್ತಾನೆ, ಆಮೇಲೆ ಏಳು ವರ್ಷ ಮಹಾಸಂಕಟ, ಆಮೇಲೆ ಯೆರೂಸಲೇಮಿನಿಂದ ಸಾವಿರ ವರ್ಷದ ಆಳ್ವಿಕೆ ಎಂಬುದು ಉಪದೇಶಿಯವರ ನಂಬಿಕೆ. ಒಬ್ಬರನ್ನು ಒಪ್ಪಿದರೆ ಹೆಣ್ಣು ಕೊಡುವವರು ತಪ್ಪುತ್ತಾರೆ, ಇನ್ನೊಬ್ಬರನ್ನು ಒಪ್ಪಿದರೆ ಮದುವೆ ಮಾಡಿಸುವವರು ತಪ್ಪುತ್ತಾರೆ.

"ನಾನು ಲೆಕ್ಕದ ಮಾಸ್ಟ್ರು," ಎಂದೆ.

"ಅದಕ್ಕೇ ಕೇಳುವುದು. ಏಳು ವರ್ಷ, ಸಾವಿರ ವರ್ಷ, ಎಲ್ಲ ಲೆಕ್ಕವೇ ಅಲ್ವಾ?"

ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. "ಅಪ್ಪ, ಸಾವಿರ ವರ್ಷದ ವಿಷಯ ಆಮೇಲೂ ಮಾತಾಡಬಹುದು. ಕಾಫಿ ಈಗಲೇ ಆರುತ್ತದೆ," ಎಂದಳು. ನನ್ನ ಜೀವ ಉಳಿಸಿದವಳನ್ನು ನಾನು ತಲೆಯೆತ್ತಿ ಸರಿಯಾಗಿ ನೋಡಿದೆ. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿಶ್ಚಯಿಸಿದೆ. ಪ್ರಶ್ನೆಗೆ ಉತ್ತರ ಕೊಡದೆಯೇ ಪಾಸಾದೆ ಎಂಬ ಸಂತೋಷವೂ ಇತ್ತು.

ಹಿಂದೆ ಬರುವಾಗ ಕಟಪಾಡಿಯಲ್ಲಿ ಬಸ್ಸು ನಿಂತಿತು. ಅಯ್ಯನವರು ನನ್ನ ಕಡೆ ಬಾಗಿ ಮೆಲ್ಲನೆ ಕೇಳಿದರು, "ಅಲ್ಲಿಯದ್ದು ಬಿಡಿ ಮಾಸ್ಟ್ರೇ. ನಮ್ಮೊಳಗೆ ಹೇಳಿ, ಇಸ್ರೇಲು ಎಂದರೆ ಯಾರು?"

೨. ಪೊರ್ಬುಗಳ ರೇಡಿಯೋ

ಉಪದೇಶಿಯವರ ಪಕ್ಕದ ಮನೆಯವರು ಕೊಂಕಣಿ ಕಥೋಲಿಕರು, ಬೇಸಾಯಗಾರರು. ಅವರನ್ನು ನಾವೆಲ್ಲ ಗೌರವದಿಂದ ಪೊರ್ಬುಗಳು ಎನ್ನುತ್ತಿದ್ದೆವು. ಅವರ ತಮ್ಮ ಹಡಗಿನ ಕೆಲಸದಲ್ಲಿದ್ದು ಒಂದು ಬ್ಯಾಟರಿ ರೇಡಿಯೋ ತಂದುಕೊಟ್ಟಿದ್ದ. ಸಿಲೋನಿನ ಹಾಡು ಕೇಳಲಿಕ್ಕೆಂದು ಪೊರ್ಬುಗಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ನಮ್ಮ ಮದುವೆ ನವೆಂಬರಿಗೆ ನಿಶ್ಚಯವಾಗಿತ್ತು. ಅಕ್ಟೋಬರದ ಕೊನೆಯಲ್ಲಿ ಇಸ್ರೇಲಿನ ಸೈನ್ಯ ಸಿನಾಯಿಗೆ ನುಗ್ಗಿತು. ಅಂದಿನಿಂದ ಉಪದೇಶಿಯವರು ಬೆಳಿಗ್ಗೆ ಸಂಜೆ ಪೊರ್ಬುಗಳ ಜಗಲಿಯಲ್ಲಿ ಕೂತುಬಿಟ್ಟರು. ಹಾಡು ನಿಂತಿತು, ಬರೇ ವಾರ್ತೆ. ಅದೇ ವಾರ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮೈಸೂರಿಗೆ ಸೇರಿಸಿದ್ದರು.

"ಪೊರ್ಬುಗಳೇ, ಗಡಿಗಳು ಬದಲಾಗುತ್ತಾ ಉಂಟು. ಇದು ಗುರುತು," ಎಂದರು ಉಪದೇಶಿ.

"ಹೌದು. ಮೊನ್ನೆವರೆಗೆ ನನ್ನ ಹಟ್ಟಿ ಮದ್ರಾಸಿನಲ್ಲಿತ್ತು, ಈಗ ಮೈಸೂರಿನಲ್ಲಿ ಉಂಟು. ದನಕ್ಕೆ ಇನ್ನೂ ಗೊತ್ತಾಗಲಿಲ್ಲ."

"ಅಂತ್ಯದ ಬಗ್ಗೆ ನಿಮ್ಮ ಪಾದ್ರಿಗಳು ಎಂತ ಹೇಳುತ್ತಾರೆ?"

"ಯಾವಾಗ ಬಂದರೂ ಪಾಪನಿವೇದನೆ ಮಾಡಿ ತಯಾರಾಗಿರಬೇಕು ಅಂತ ಹೇಳುತ್ತಾರೆ. ದಿನ ಮಾತ್ರ ಹೇಳುವುದಿಲ್ಲ. ದಿನ ಹೇಳಿದರೆ ನಾವು ಅದರ ಹಿಂದಿನ ದಿನ ಮಾತ್ರ ಇಗರ್ಜಿಗೆ ಬರುತ್ತೇವೆ ಅಂತ ಅವರಿಗೆ ಗೊತ್ತುಂಟು."

ಐದನೆಯ ದಿನ ವಾರ್ತೆಯ ನಡುವೆ ರೇಡಿಯೋ ಒಮ್ಮೆ ಕರಕರ ಎಂದು ಸುಮ್ಮನಾಯಿತು. ಉಪದೇಶಿಯವರು ಬಿಳಿಚಿಕೊಂಡು ಆಕಾಶ ನೋಡಿದರು. ಪೊರ್ಬುಗಳು ರೇಡಿಯೋದ ಹಿಂಬದಿ ಬಿಚ್ಚಿ ನೋಡಿ ಹೇಳಿದರು, "ಅಂತ್ಯ ಬಂತು ಉಪದೇಶಿಗಳೇ. ಬ್ಯಾಟರಿಯದ್ದು."

೩. ಮೊದಲನೆಯ ಸಲ

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಆದಿತ್ಯವಾರ ಸಭೆಯ ಮುಂದೆ ಪ್ರಕಟಣೆ ಓದಬೇಕು. ಇಂಥವನಿಗೂ ಇಂಥವಳಿಗೂ ಮದುವೆ, ಇದು ಮೊದಲನೆಯ ಸಲ, ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಬೇಕು ಎಂದು. ಮುಂದಿನ ವಾರ ಎರಡನೆಯ ಸಲ, ಅದರ ಮುಂದಿನ ವಾರ ಮೂರನೆಯ ಸಲ. ನಡುವೆ ಒಂದು ವಾರ ತಪ್ಪಿದರೆ ಮೊದಲಿನಿಂದ ಓದಬೇಕೆಂದು ನಮ್ಮ ಅಯ್ಯನವರ ಕಟ್ಟುನಿಟ್ಟು.

ಅಯ್ಯನವರು ಇಲ್ಲದ ವಾರ ಕಾಪುವಿನಲ್ಲಿ ಓದುವವರು ಉಪದೇಶಿಯೇ. ಅಂದರೆ ತನ್ನ ಮಗಳ ಮದುವೆಯನ್ನು ಹೆಣ್ಣಿನ ಅಪ್ಪನೇ ಸಾರಬೇಕು. ಯುದ್ಧದ ಹಿಂದಿನ ದಿನ ಮೊದಲನೆಯ ಸಲ ಓದಿದರು. ಮುಂದಿನ ಆದಿತ್ಯವಾರ ಚೀಟಿ ಕೈಗೆತ್ತಿಕೊಂಡು, ನಿಟ್ಟುಸಿರು ಬಿಟ್ಟು, ಬೈಬಲಿನ ಒಳಗೆ ಇಟ್ಟುಬಿಟ್ಟರು. ಯುದ್ಧ ನಿಂತಿತೆಂದು ಕೇಳಿ ಮತ್ತೆ ಮೊದಲನೆಯ ಸಲ ಓದಿದರು. ರಷ್ಯಾ ಬೆದರಿಸಿದೆ ಎಂದು ಯಾರೋ ಹೇಳಿದರು, ಮತ್ತೆ ನಿಲ್ಲಿಸಿದರು.

ನನಗೆ ಕಾರ್ಕಳಕ್ಕೆ ಉಪದೇಶಿಯವರ ಕಾರ್ಡು ಬರುತ್ತಿತ್ತು: "ಈ ವಾರವೂ ಓದಲಿಲ್ಲ. ಸಿನಾಯಿಯಲ್ಲಿ ಪರಿಸ್ಥಿತಿ ಸರಿ ಇಲ್ಲ." ತೆರೆದ ಕಾರ್ಡಾದ್ದರಿಂದ ನನಗಿಂತ ಮುಂಚೆ ಹೆಡ್ಮಾಸ್ಟ್ರು ಓದುತ್ತಿದ್ದರು. "ಆ ಸಿನಾಯಿಯವರ ಹತ್ತಿರ ನಾನು ಬಂದು ಮಾತಾಡಬೇಕಾ?" ಎಂದು ಒಮ್ಮೆ ಕೇಳಿದರು, ಪಾಪ.

ಕ್ರಿಸ್ಮಸ್ ಕಳೆಯುವುದರೊಳಗೆ ನಾಲ್ಕು ಸಲ ಮೊದಲನೆಯ ಸಲ ಆಗಿತ್ತು. ಕಿವಿ ಮಂದವಾಗಿದ್ದರೂ ತಪ್ಪದೆ ಬರುತ್ತಿದ್ದ ಒಬ್ಬ ಮುದುಕಿ ಹೊರಗೆ ಬಂದು ಕೇಳಿದಳಂತೆ, "ಈ ಕಾರ್ಕಳದ ಮಾಸ್ಟ್ರಿಗೆ ಒಟ್ಟು ಎಷ್ಟು ಮದುವೆ?"

೪. ಏಳು ವರ್ಷದ ಅಕ್ಕಿ

ಆ ದಿನಗಳಲ್ಲೇ ಉಡುಪಿಗೆ ಒಬ್ಬ ಪರಊರಿನ ಬೋಧಕರು ಬಂದು ಡೇರೆ ಹಾಕಿದರು. ಅವರದ್ದು ಮೂರನೆಯ ನಂಬಿಕೆ. ವಿಶ್ವಾಸಿಗಳನ್ನು ಮೊದಲೇ ಎತ್ತಿಕೊಳ್ಳುವುದಿಲ್ಲ, ಏಳು ವರ್ಷದ ಮಹಾಸಂಕಟವನ್ನು ಎಲ್ಲರೊಟ್ಟಿಗೆ ಅನುಭವಿಸಿಯೇ ಆಗಬೇಕು ಎಂದು ಅವರು ಸಾರಿದರು. ಉಪದೇಶಿಯವರು ಎದ್ದು ನಿಂತು ವಾಕ್ಯ ತೋರಿಸಿ ವಾದಿಸಿದರು. ಅವರ ಹೆಂಡತಿ ಮಾತ್ರ ಎಲ್ಲ ಕೇಳಿಸಿಕೊಂಡು ಮನೆಗೆ ಬಂದು ಅಕ್ಕಿ ಕೂಡಿಡಲು ಸುರುಮಾಡಿದರು. ಹುಲ್ಲಿನಲ್ಲಿ ಬಿಗಿದ ಮುಡಿಗಳು ಒಳಕೋಣೆಯಲ್ಲಿ ಒಂದರ ಮೇಲೊಂದು ಏರಿದವು.

"ಇದು ಅವಿಶ್ವಾಸ," ಎಂದು ಉಪದೇಶಿ ಸಿಟ್ಟಾದರು. "ಸಂಕಟ ಬರುವ ಮೊದಲೇ ನಾವು ಹೋಗಿಯಾಗಿರುತ್ತದೆ."

"ನಿಮ್ಮ ಮಾತು ಸರಿಯಾದರೆ ಪೊರ್ಬುಗಳು ಉಣ್ಣಲಿ," ಎಂದರು ಅತ್ತೆ. "ಡೇರೆಯವರ ಮಾತು ಸರಿಯಾದರೆ ಏಳು ವರ್ಷ ದಿನಾ ಗಂಜಿ ಕೇಳುವವರು ನೀವು."

೫. ಹಂದಿ

ಜನವರಿ ಬಂತು. ನನ್ನ ತಾಯಿ ಒಂದೇ ಮಾತು ಹೇಳಿದರು: ಈ ತಿಂಗಳೊಳಗೆ ಪ್ರಕಟಣೆ ಮುಗಿಯದಿದ್ದರೆ ಕಾಪುವಿನ ಸಂಬಂಧ ಬಿಟ್ಟೆ, ಬೇರೆ ಕಡೆ ನೋಡುತ್ತೇನೆ. ಅವರು ಹೇಳಿದರೆ ಹೇಳಿದ್ದೇ. ನನಗೆ ಊಟ ಸೇರದಾಯಿತು. ಕಪ್ಪುಹಲಗೆಯ ಮೇಲೆ ಭಾಗಾಕಾರ ಬರೆದು ಶೇಷ ಮರೆಯುತ್ತಿದ್ದೆ.

ಅಂಥದ್ದರಲ್ಲಿ ಪೊರ್ಬುಗಳು ಏನೋ ಕೆಲಸಕ್ಕೆ ಕಾರ್ಕಳಕ್ಕೆ ಬಂದವರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದರು. ನಮ್ಮ ಮದುವೆ ಊಟದ ಹಂದಿಯನ್ನು ಸಾಕಲಿಕ್ಕೆ ಅವರಿಗೇ ಒಪ್ಪಿಸಿದ್ದೆವು. "ಮಾಸ್ಟ್ರೇ, ನಿಮ್ಮ ಮದುವೆಯಾದರೂ ಆಗಲಿ, ಲೋಕದ ಅಂತ್ಯವಾದರೂ ಆಗಲಿ, ಬೇಗ ಒಂದು ತೀರ್ಮಾನ ಮಾಡಿ ಮಾರಾಯ್ರೆ. ಹಂದಿ ಬೆಳೆದು ಬೆಳೆದು ಈಗ ಗೂಡಿನ ಬಾಗಿಲಲ್ಲಿ ಹೊರಗೆ ಬರುವುದಿಲ್ಲ."

೬. ಎರಡಿಂಚು

ನಾನು ಉಡುಪಿಗೆ ಹೋಗಿ ಅಯ್ಯನವರಿಗೆ ಎಲ್ಲ ಹೇಳಿದೆ, ಕಣ್ಣೀರು ಹಾಕುವುದೊಂದು ಬಾಕಿ. ಅವರು ಮೂರು ವಾರ ತಾವೇ ಕಾಪುವಿಗೆ ಬಂದು ಓದುತ್ತೇನೆಂದರು. ಮೊದಲನೆಯ ಸಲ ಆಯಿತು. ಎರಡನೆಯ ಸಲವೂ ಆಯಿತು. ಮೂರನೆಯ ಆದಿತ್ಯವಾರ ನಾನೇ ಹೋಗಿ ಗಂಡಸರ ಬದಿಯಲ್ಲಿ ಕೂತೆ. ಉಪದೇಶಿಯವರು ಮದುವೆಗೆಂದು ಹೊಲಿಸಿದ ಹೊಸ ಕಪ್ಪು ಕೋಟು ಹಾಕಿದ್ದನ್ನು ನೋಡಿ ನನಗೆ ಧೈರ್ಯ ಬಂತು.

ಅಯ್ಯನವರು ಚೀಟಿ ಓದಿ, "ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಬೇಕು," ಎಂದರು.

"ಉಂಟು," ಎಂದು ಉಪದೇಶಿ ಎದ್ದು ನಿಂತರು.

ನನ್ನ ಕಾಲಿನ ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡೆ.

"ಹುಡುಗನ ಬಗ್ಗೆ ಎಂತದೂ ಇಲ್ಲ. ಕಾಲದ ಬಗ್ಗೆ ಉಂಟು. ಕರ್ತನ ಬರೋಣ ಹತ್ತಿರವಾಗಿದೆ. ಇಂಥ ಹೊತ್ತಿನಲ್ಲಿ ಮದುವೆ ಬೇಡ ಎಂದು ನನ್ನ ಅಭಿಪ್ರಾಯ."

"ಎಷ್ಟು ಹತ್ತಿರ?" ಎಂದರು ಅಯ್ಯನವರು.

"ಈ ವರ್ಷ ದಾಟುವುದಿಲ್ಲ."

ಆಗ ಹೆಂಗಸರ ಬದಿಯಲ್ಲಿ ಅತ್ತೆ ಎದ್ದರು. "ಅಯ್ಯನವರೇ, ಆ ಕೋಟು ಹೊಲಿಯಲಿಕ್ಕೆ ಕೊಡುವಾಗ ಕಟಪಾಡಿಯ ದರ್ಜಿಯ ಹತ್ತಿರ ಇವರು ಎಂತ ಹೇಳಿದರು ಅಂತ ಒಮ್ಮೆ ಕೇಳಿ."

ಅಯ್ಯನವರು ಕೇಳುವ ಮೊದಲೇ ಅತ್ತೆಯೇ ಹೇಳಿದರು, "ಎರಡಿಂಚು ಬಟ್ಟೆ ಒಳಗೆ ಮಡಚಿ ಬಿಟ್ಟು ಹೊಲಿ, ಮುಂದೆ ದಪ್ಪ ಆದರೆ ಬಿಡಿಸಿಕೊಳ್ಳಲಿಕ್ಕೆ ಬೇಕು ಅಂತ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ."

ಸಭೆ ನಕ್ಕಿತು. ಕಿವಿ ಮಂದದ ಮುದುಕಿಯೂ ಪಕ್ಕದವರಿಂದ ಕೇಳಿಕೊಂಡು ಒಬ್ಬಳೇ ಕೊನೆಗೆ ನಕ್ಕಳು. ಅಯ್ಯನವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಉಪದೇಶಿಯವರು ಕೋಟಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಆಮೇಲೆ ಪ್ರಸಂಗದ ಗಂಟಲಿನಲ್ಲಲ್ಲ, ಮನೆಯ ಗಂಟಲಿನಲ್ಲಿ ಹೇಳಿದರು, "ನನಗೆ ಇರುವುದು ಒಬ್ಬಳೇ ಮಗಳು. ಕರ್ತನು ಬರುವಾಗ ನಾವು ಮೂವರೂ ಒಂದೇ ಮನೆಯಲ್ಲಿ ಇರಬೇಕು ಅಂತ ಆಸೆ ಇತ್ತು. ಅವಳು ಕಾರ್ಕಳದಲ್ಲಿ, ನಾವು ಕಾಪುವಿನಲ್ಲಿ ಇದ್ದರೆ ಹೇಗೆ?"

ಈಗ ಯಾರೂ ನಗಲಿಲ್ಲ. ಮೂರು ತಿಂಗಳು ನಾನು ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಅಲ್ಲೇ ಇಳಿದುಹೋಯಿತು. ಈ ಮನುಷ್ಯನ ಕೈಯಿಂದ ಮಗಳನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ನಾಚಿಕೆಯೂ ಆಯಿತು.

ಹುಡುಗಿ ಕೂತಲ್ಲಿಂದಲೇ ಹೇಳಿದಳು, "ಅಪ್ಪ, ಕಾಪುವಿನವರೆಗೆ ಬರುವ ಕರ್ತನಿಗೆ ಕಾರ್ಕಳಕ್ಕೆ ಬರಲಿಕ್ಕೆ ಕಷ್ಟವಾ?"

ಉಪದೇಶಿ ಮಗಳ ಕಡೆ ತಿರುಗಿದರು. ಅಯ್ಯನವರು ಕನ್ನಡಕ ಸರಿಮಾಡಿಕೊಂಡು, "ಆಕ್ಷೇಪಣೆ ಉಂಟೋ ಇಲ್ವೋ?" ಎಂದರು.

"ಇಲ್ಲ. ಆದರೆ ಇಸ್ರೇಲಿನ ವಿಷಯದಲ್ಲಿ ನಾನು ಹೇಳಿದ್ದೇ ಸರಿ ಅಂತ ಸಭೆಯ ಪುಸ್ತಕದಲ್ಲಿ ಬರೆಯಬೇಕು."

ಅಯ್ಯನವರು ಅದನ್ನು ಬರೆಯಲಿಲ್ಲ. ಮದುವೆ ಮಾಡಿಸಿದರು. ಪೊರ್ಬುಗಳು ಗೂಡು ಒಡೆದು ಹಂದಿಯನ್ನು ಹೊರಗೆ ತಂದರು. ಒಳಕೋಣೆಯ ಮುಡಿಗಳನ್ನೆಲ್ಲ ಬಿಚ್ಚಿಸಿದ ಅತ್ತೆಯ ಮುಖದಲ್ಲಿ ಮಹಾಸಂಕಟದ ಚಿಂತೆ ಒಂದಿಷ್ಟೂ ಇರಲಿಲ್ಲ. ಆ ಅಕ್ಕಿ ಯಾವುದಕ್ಕೆಂದು ಕೂಡಿಟ್ಟಿದ್ದರೆಂದು ನನಗೆ ಆಗ ಹೊಳೆಯಿತು. ಏಳು ವರ್ಷಕ್ಕೆಂದು ಇಟ್ಟದ್ದು ಮದುವೆಯ ಒಂದೇ ಮಧ್ಯಾಹ್ನದ ಊಟಕ್ಕೆ ಸರಿಹೋಯಿತು.

೭. ಮತ್ತೆ ಬಂದದ್ದು

ಹತ್ತು ವರ್ಷ ಕಳೆದು ಅರುವತ್ತೇಳರ ಜೂನ್. ಶಾಲೆ ಆಗಷ್ಟೇ ಸುರುವಾಗಿತ್ತು. ಒಂದು ಬೆಳಿಗ್ಗೆ ಜಡಿಮಳೆಯಲ್ಲಿ ಮಾವ ನಮ್ಮ ಕಾರ್ಕಳದ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಕಂಕುಳಲ್ಲಿ ಮೇಣಬಟ್ಟೆ ಸುತ್ತಿದ ನಕ್ಷೆ, ಮೈಮೇಲೆ ಅದೇ ಕಪ್ಪು ಕೋಟು. ಹಿಂದೆ ಅತ್ತೆ, ಅವರ ಹಿಂದೆ ಕೂಲಿಯವನ ತಲೆಯ ಮೇಲೆ ಒಂದು ಮುಡಿ ಅಕ್ಕಿ.

"ಯೆರೂಸಲೇಮೇ ಇಸ್ರೇಲಿನವರ ಕೈಗೆ ಬಂತು," ಎಂದರು ಮಾವ, ಚಪ್ಪಲಿ ಬಿಡುವ ಮೊದಲೇ. "ಈ ಸಲ ತಪ್ಪುವುದಿಲ್ಲ. ಎಲ್ಲರೂ ಒಟ್ಟಿಗಿರುವ ಅಂತ ಬಂದೆವು."

ಹೆಂಡತಿ ಅವರ ಕೋಟು ಬಿಚ್ಚಿಸಿ ಹಿಂಡಲಿಕ್ಕೆಂದು ತಿರುವಿದಳು. ಒಳಗೆ ಹೊಲಿಗೆ ಬಿಚ್ಚಿದ ಗುರುತು ಮಾತ್ರ ಇತ್ತು, ಮಡಚಿದ ಬಟ್ಟೆ ಇರಲಿಲ್ಲ.

"ಅಪ್ಪ, ಎರಡಿಂಚೂ ಮುಗಿಯಿತಲ್ಲ," ಎಂದಳು.

ಮಾವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಂಭೀರವಾಗಿ ಹೇಳಿದರು, "ಅದಕ್ಕೇ ಹೇಳುವುದು ಮಗಾ. ಇನ್ನು ಹೆಚ್ಚು ಸಮಯ ಇಲ್ಲ."