ಕಣ್ಣು ಮಿಟುಕಿಸದ ಅಜ್ಜಿ

ವಾದದಲ್ಲಿ ಸೋಲುವುದು ನನಗೂ ಗೊತ್ತು. ಸೋತೆನೆಂದು ಒಪ್ಪಿಕೊಳ್ಳುವುದು ಮಾತ್ರ ಗೊತ್ತಿಲ್ಲ. ಶಾಲೆಯ ಚರ್ಚಾಕೂಟದಿಂದ ಅಂಟಿಕೊಂಡ ಚಾಳಿಯಿದು. ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎನ್ನಲೂ ನಾನು ಮೂರು ಅಂಶಗಳನ್ನು ಮಂಡಿಸುತ್ತೇನೆ. ಮೊನ್ನೆ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಸ್ಪರ್ಧೆಯಿತ್ತು. ಕೃತಕ ಬುದ್ಧಿಮತ್ತೆಯನ್ನು ಹದ್ದುಬಸ್ತಿನಲ್ಲಿಡಲು ದೇಶಕ್ಕೊಂದು ಕಾನೂನು ಬೇಕೇ ಎಂಬುದು ವಿಷಯ; ಬೇಕೇ ಬೇಕು ಎಂಬುದು ನನ್ನ ಪಕ್ಷ. "ಸರ್ಕಾರದ ಯಂತ್ರ ತಪ್ಪಿದಾಗ ಅದನ್ನು ಮೀರಿ ತೀರ್ಮಾನಿಸುವ ಒಬ್ಬ ಮನುಷ್ಯ ಇರಲೇಬೇಕು" ಎಂಬ ವಾಕ್ಯವನ್ನು ಕನ್ನಡಿಯೆದುರು ನಿಂತು ಹದ ಮಾಡಿಟ್ಟುಕೊಂಡಿದ್ದೆ. ಅದರ ಹಿಂದಿನ ದಿನವೇ ಅಜ್ಜಿಯನ್ನು ಉಡಿಗಾಲದಿಂದ ಚಾಮರಾಜನಗರಕ್ಕೆ ಕರೆದೊಯ್ಯಬೇಕಾಯಿತು. ಅವಳು ಬದುಕಿದ್ದಾಳೆಂದು ಮೊಬೈಲ್ ಆ್ಯಪ್ ಒಪ್ಪದಿದ್ದರೆ ವಿಧವಾ ವೇತನ ನಿಂತುಹೋಗುತ್ತಿತ್ತು. ಎಲೆ ಅಡಿಕೆಗೂ ಮಗನ ಮುಂದೆ ಕೈಯೊಡ್ಡದೆ ಅಜ್ಜಿ ತಲೆಯೆತ್ತಿ ಓಡಾಡುವುದು ಆ ವೇತನದಿಂದಲೇ. ಅಂದು ಕಡೆಯ ದಿನ.

ಸೇವಾಕೇಂದ್ರದ ಮಾದೇಶಣ್ಣ ಅವಳ ಮುಖಕ್ಕೆ ಫೋನ್ ಹಿಡಿದು, "ಕಣ್ಣು ಮಿಟುಕ್ಸಜ್ಜಿ" ಎಂದ. ಅಜ್ಜಿ ಪುಣಜನೂರಿನ ಕಾಡುದಾರಿಯಲ್ಲಿ ಆನೆ ಎದುರಾದವಳಂತೆ ಕಣ್ಣರಳಿಸಿ ನಿಂತಳು. ಪರದೆ ಕೆಂಪಾಯಿತು: ಜೀವಂತ ವ್ಯಕ್ತಿ ಅಲ್ಲ.

"ಯಾರೋ ಫೋಟೊ ಹಿಡ್ಕ ಬಂದವ್ರೆ ಅಂತ ತಿಳ್ಕತದೆ ಇದು. ಮೂರು ಸಲ ತಪ್ಪುದ್ರೆ ಲಾಕಾಯ್ತದೆ ಕಣಮ್ಮ. ಆಮೇಲೆ ದೊಡ್ಡಾಫೀಸಿಂದ ಬದುಕ್ಸ್ಕ ಬರ್ಬೇಕು."

"ಕ್ಯಾಮ್ರಾ ಮುಂದೆ ನಾ ಕಣ್ಣು ಮಿಟುಕ್ಸಾಕಿಲ್ಲ ಬುಡು" ಎಂದು ಅಜ್ಜಿ ನನ್ನ ಕಿವಿಯಲ್ಲಿ ಉಸುರಿದಳು. "ಮದ್ವೇಲಿ ತೆಗ್ದಿದ್ದು ಒಂದೇ ಫೋಟ. ಅದ್ರಲ್ಲಿ ಕಣ್ಣು ಮುಚ್ಬುಟ್ಟೆ. ನಮ್ಮತ್ತೆ ಸಾಯೋಗಂಟ 'ತೂಕಡ್ಸೋ ಸೊಸೆ' ಅಂದ್ಲು ಕಣಮ್ಮಿ."

ನಾನು ಸುಮ್ಮನಿರುತ್ತೇನೆಯೇ? ಒಂದು, ಆ ಅತ್ತೆ ಈಗಿಲ್ಲ. ಎರಡು, ಇದು ಮದುವೆಯ ಫೋಟೊ ಅಲ್ಲ. ಮೂರು, ಈಗ ಕಣ್ಣು ಮುಚ್ಚದಿದ್ದರೇ ನಷ್ಟ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, ಎರಡನೇ ಸಲ ಇನ್ನೂ ಅಗಲವಾಗಿ ಕಣ್ಣು ಬಿಟ್ಟಳು. ಮತ್ತೆ ಕೆಂಪು. ಕೇಂದ್ರ ಮುಚ್ಚುವ ಐದು ಗಂಟೆಗೆ ಇನ್ನು ಹದಿನೈದೇ ನಿಮಿಷ. ಉಳಿದದ್ದು ಒಂದೇ ಸರದಿ.

ಪಕ್ಕದ ಮೇಜಿನಲ್ಲಿ ಕೂತಿದ್ದ ಪಿಂಚಣಿ ಅಧಿಕಾರಿಯತ್ತ ತಿರುಗಿ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. "ಸಾರ್, ಅಜ್ಜಿ ನಿಮ್ಮೆದುರೇ ನಿಂತವ್ರೆ. ಯಂತ್ರ ಬೇಡ, ಮನುಷ್ಯರಾಗಿ ನೀವೇ ನೋಡಿ ತೀರ್ಮಾನ ಮಾಡಿ."

ಅವರು ಕನ್ನಡಕ ಒರೆಸಿ, ಆಧಾರ್ ಕಾರ್ಡಿನ ಫೋಟೊವನ್ನೊಮ್ಮೆ ಅಜ್ಜಿಯನ್ನೊಮ್ಮೆ ನಿಧಾನವಾಗಿ ನೋಡಿದರು. "ನಾನೇ ತೀರ್ಮಾನ ಮಾಡೋದಾದ್ರೆ, ಈ ಫೋಟೊ ಇವರದ್ದು ಅಂತ ನನಗನ್ನಿಸ್ತಿಲ್ಲ. ಊರಿಂದ ಇಬ್ಬರು ಸಾಕ್ಷಿ ಕರ್ಕೊಂಡು ಬನ್ನಿ."

ಕನ್ನಡಿಯೆದುರು ಇಂಥ ಉತ್ತರ ಬಂದಿರಲಿಲ್ಲ. ಬುದ್ಧಿಯಿದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು "ಪ್ರಜಾಪ್ರಭುತ್ವದಲ್ಲಿ..." ಎಂದು ಶುರುಮಾಡಿದೆ. ಪ್ರಜೆಯ ಹಕ್ಕು ಎಂದೆ, ಹೊಣೆಗಾರಿಕೆ ಎಂದೆ, ದನಿ ಏರಿತು, ಸರದಿಯಲ್ಲಿದ್ದವರು ಹಿಂದೆ ಸರಿದರು. ಮಾದೇಶಣ್ಣ ಯಾವಾಗ ಮೂರನೇ ಸಲ ಫೋನೆತ್ತಿ ಹಿಡಿದನೋ ಕಾಣೆ. ನಾನು ಮೂರನೇ ಅಂಶಕ್ಕೆ ಬಂದಾಗ ಅಜ್ಜಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, "ಅಯ್ಯೋ ಶಿವ್ನೆ, ಸಾಕ್ ಮಾಡಮ್ಮಿ, ತಲೆ ಸಿಡೀತದೆ!" ಎಂದು ಕಣ್ಣು ತೆರೆದಳು.

ಪರದೆ ಹಸಿರಾಯಿತು. "ಬದುಕವ್ರೆ!" ಎಂದು ಮಾದೇಶಣ್ಣ ಕೂಗಿದ.

ಬಸ್ಸಿನಲ್ಲಿ ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ನಾಳೀಕೂ ಇಂಗೇ ಮಾತಾಡಿಯಾ?" ಎಂದು ಕೇಳಿದಳು. ಹ್ಞೂಂ ಎಂದೆ.

"ಪಾಪ" ಎಂದಳು.

ಮರುದಿನ ಗುಂಡ್ಲುಪೇಟೆಯಲ್ಲಿ ಆ ವಾಕ್ಯವನ್ನು ಒಂದಕ್ಷರ ಬದಲಿಸದೆ ಹೇಳಿದೆ. ಹಾಗೆ ತೀರ್ಮಾನಿಸುವ ಮನುಷ್ಯನಿಗೂ ಒಂದು ಕಾನೂನು ಬೇಕಾದೀತು ಎಂಬುದನ್ನು ಮಾತ್ರ ನುಂಗಿಕೊಂಡೆ. ಮೂರನೇ ಅಂಶಕ್ಕೆ ಬರುವಷ್ಟರಲ್ಲಿ ತೀರ್ಪುಗಾರರಿಬ್ಬರ ಕಣ್ಣು ಮುಚ್ಚಿದ್ದವು. ಅಜ್ಜಿಯಾದರೋ ಹಿಂದಿನ ದಿನ ಮುಚ್ಚಿದ ಕಣ್ಣನ್ನು ಮತ್ತೆ ತೆರೆದಿದ್ದಳು.