ಬಚ್ಚಲಲ್ಲಿ ಕಲಿತ ಡಾಕ್ಟರ್ ಭಾಷೆ

ನಮ್ಮ ಕಂಡಕ್ಟರಿಗೆ ಒಳ್ಳೆಯ ಐಡಿಯಾಗಳು ಬರುವುದೇ ಅಪರೂಪ. ಬಂದವುಗಳಿಂದ ಮನೆಗೆ ಒಳ್ಳೆಯದಾದದ್ದು ಇನ್ನೂ ಅಪರೂಪ. ಆದರೂ ಹೆಂಡತಿಯ ಹೊಟ್ಟೆಗೆ ಕೊಳವೆ ಇಳಿಸಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ ದಿನ ಅವನಿಗೆ ಐಡಿಯಾ ಬಂದೇಬಿಟ್ಟಿತು. ಅವಳು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಡಾಕ್ಟರಮ್ಮನ ಮೇಜಿನ ಮೇಲೆ ಬಗ್ಗಿದ.

"ಮೇಡಂ, ಕೆಟ್ಟದ್ದೇ ಆಗಿದ್ರೆ ಅವಳ ಮುಂದೆ ಕ್ಯಾನ್ಸರ್ ಅನ್ನಬೇಡಿ. ಹೆಸರು ಕೇಳಿದ್ರೇ ಹೋಗಿಬಿಡ್ತಾಳೆ. ನಿಮ್ಮ ಡಾಕ್ಟರ್ ಭಾಷೇಲಿ ಹೇಳಿ, ನಾನು ಅರ್ಥ ಮಾಡ್ಕೋತೀನಿ."

"ನಿಮಗೆ ಅದು ಬರುತ್ತಾ?"

"ಬರದೇ ಏನು!" (ಆ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಬಿಪಿ, ಶುಗರ್, ಎರಡೇ.)

ಎದುರುಮನೆಯ ನರ್ಸಮ್ಮನನ್ನು ಕಾಡಿ ಹಳೆಯ ಪುಸ್ತಕವೊಂದನ್ನು ತಂದ. ದೊಡ್ಡ ದೊಡ್ಡ ಪದಗಳೆಲ್ಲ ಸಣ್ಣ ತುಂಡುಗಳನ್ನು ಜೋಡಿಸಿ ಮಾಡಿದವು, ತುಂಡುಗಳನ್ನು ಕಲಿತರೆ ಸಾಕು ಎಂದು ಆಕೆ ಹೇಳಿದಳು. ಆದರೆ ಸುಮ್ಮನೆ ಓದಿದರೆ ಕಂಡಕ್ಟರನ ತಲೆಗೆ ಏನೂ ಹತ್ತದು. ಬಸ್ ಸ್ಟಾಪುಗಳ ಹಾಗೆ ಸಾಲಾಗಿ ಕೂಗಿದರೆ ಮಾತ್ರ ಹತ್ತುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ, ತಲೆಯಿಂದ ಹೊರಡುತ್ತಿದ್ದ.

"ಸೆಫಲೋ, ತಲೆ! ಸರ್ವಿಕೋ, ಕತ್ತು! ಥೊರಾಕೋ, ಎದೆ! ಗ್ಯಾಸ್ಟ್ರೋ, ಹೊಟ್ಟೆ! ಹೆಪಾಟೋ, ಲಿವರ್! ಯಾರ್ರೀ ಇಳಿಯೋರು?"

"ಏನ್ರೀ ಅದು ಗಲಾಟೆ?" ಅಡಿಗೆಮನೆಯಿಂದ ಹೆಂಡತಿ ಕೇಳುತ್ತಿದ್ದಳು.

"ಹೊಸ ರೂಟು ಕಣೇ, ಪ್ರಾಕ್ಟೀಸು!"

"ಎಲ್ಲಿಗೆ ಹೋಗುತ್ತೆ ಅದು?"

"ಅದೆಲ್ಲ ನಿನಗ್ಯಾಕೆ? ಹಾಲು ಉಕ್ಕೀತು, ನೋಡ್ಕೋ!"

ಪಾದ ಮುಟ್ಟಿದ ಮೇಲೆ ಬರುತ್ತಿದ್ದದ್ದು ಭಯಂಕರ ಸ್ಟಾಪುಗಳು. ಕಾರ್ಸಿನೋಮಾ, ಕ್ಯಾನ್ಸರ್. ಎಕ್ಟಮಿ, ಕತ್ತರಿಸಿ ತೆಗೆಯುವುದು. ಅಷ್ಟು ಹೊತ್ತಿಗೆ ಬಕೆಟ್ ತುಂಬಿತೆಂದು ನಲ್ಲಿ ನಿಲ್ಲಿಸಿರುತ್ತಿದ್ದ, ಕೂಗು ಮುಚ್ಚಲು ನೀರಿನ ಸದ್ದಿಲ್ಲ ಎಂಬುದು ಮಹಾಶಯನ ಗಮನಕ್ಕೇ ಬಂದಿರಲಿಲ್ಲ. ಆಮೇಲೆ ಚೊಂಬು ಹಿಡಿದು ಕೂತು ಸ್ವಲ್ಪ ಹೊತ್ತು ಅಳುತ್ತಿದ್ದ. ಮಾತುಮಾತಿಗೂ ಜಗಳ ತೆಗೆಯುತ್ತಿದ್ದ ಹೆಂಡತಿ ಆ ದಿನಗಳಲ್ಲಿ ಮೆತ್ತಗಾಗಿದ್ದಳು. ಪಾಪ, ಏನೂ ಗೊತ್ತಿಲ್ಲದ ಜೀವ ಎಂದುಕೊಂಡು ಅವನು ಇನ್ನಷ್ಟು ಅತ್ತ.

ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ. ಅವನೊಬ್ಬನನ್ನೇ ನೋಡುತ್ತ, "ಗ್ಯಾಸ್ಟ್ರಿಕ್ ಅಡಿನೋಕಾರ್ಸಿನೋಮಾ. ಗ್ಯಾಸ್ಟ್ರೆಕ್ಟಮಿ ಮಾಡಬೇಕು" ಎಂದರು.

ಕಂಡಕ್ಟರ್ ಗಂಭೀರವಾಗಿ ತಲೆಯಾಡಿಸಿದ. ಒಳಗೆ ಎಲ್ಲ ಖಾಲಿ. ಅವನ ವಿದ್ಯೆಯಲ್ಲಿ ಮಧ್ಯದ ಸ್ಟಾಪಿಗೆ ನೇರವಾಗಿ ಹೋಗುವ ದಾರಿಯೇ ಇರಲಿಲ್ಲ, ಮೊದಲಿನಿಂದಲೇ ಹೊರಡಬೇಕು. "ಸೆಫಲೋ... ಸರ್ವಿಕೋ..." ಎಂದು ತುಟಿಯಲ್ಲೇ ಗೊಣಗಿದ. ಇನ್ನೂ ಎದೆಯ ಹತ್ತಿರ ತಡವರಿಸುತ್ತಿದ್ದಾಗ ಪಕ್ಕದ ಕುರ್ಚಿಯಿಂದ ಹೆಂಡತಿ ಹೇಳಿದಳು:

"ಹೊಟ್ಟೆ ಕ್ಯಾನ್ಸರ್ ಅಂತಿದಾರೆ ರೀ. ಕತ್ತರಿಸಿ ತೆಗೀಬೇಕಂತೆ." ಡಾಕ್ಟರಮ್ಮನ ಕಡೆ ತಿರುಗಿದಳು. "ಪೂರ್ತೀನಾ ಮೇಡಂ, ಅರ್ಧಾನಾ? ಹೆಪಾಟೋಗೆ ಹೋಗಿಲ್ಲ ತಾನೆ?"

ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಸ್ಕ್ಯಾನಲ್ಲಿ ಲಿವರಿಗೆ ಹೋದ ಹಾಗೆ ಕಾಣ್ತಿಲ್ಲಮ್ಮ. ಅರ್ಧ ತೆಗೆದ್ರೆ ಸಾಕಾಗಬಹುದು. ಮಿಕ್ಕಿದ್ದು ಆಪರೇಷನ್ ಆದಮೇಲೇ ಹೇಳೋಕಾಗೋದು."

"ನಿನಗೆ... ಇದೆಲ್ಲ ಎಲ್ಲಿಂದ..." ಕಂಡಕ್ಟರ್ ತೊದಲಿದ.

"ಬಚ್ಚಲ ಗೋಡೆಗೇ ಅಲ್ವಾ ನನ್ನ ಒಲೆ ಇರೋದು? ನಿಮ್ಮ ಗಂಟಲಿಗೆ ಪಕ್ಕದ ಮನೆಯವರಿಗೂ ಬಾಯಿಪಾಠ ಆಗಿದೆ."

"ಮತ್ತೆ ಯಾಕೇ ಹೇಳಲಿಲ್ಲ?"

"ನನಗೆ ಗೊತ್ತು ಅಂತ ತಿಳಿದ್ರೆ ನೀವು ಎದೆ ಒಡ್ಕೋತೀರಿ ಅಂತ ಸುಮ್ಮನಿದ್ದೆ."

ಕಂಡಕ್ಟರಿಗೆ ಅಳು ತಡೆಯಲಾಗಲಿಲ್ಲ. ಡಾಕ್ಟರಮ್ಮ ಲೋಟಕ್ಕೆ ನೀರು ಬಗ್ಗಿಸಿ ರೋಗಿಯನ್ನು ದಾಟಿಸಿ ಅವನ ಮುಂದೆ ಇಟ್ಟರು. ಅವನು ಕುಡಿದು ಮುಗಿಸುವವರೆಗೆ ಇಬ್ಬರು ಹೆಂಗಸರೂ ಕಾದರು.

ಹೊರಗೆ ಮೆಟ್ಟಿಲಲ್ಲಿ ಹೆಂಡತಿ ಅವನ ಕೈ ಹಿಡಿದಳು.

"ನೀವು ಬಚ್ಚಲಲ್ಲಿ, ನಾನು ಅಡಿಗೆಮನೇಲಿ. ಬೇರೆ ಬೇರೆ ಹೆದರಿ ಸಾಕಾಯ್ತು ರೀ. ಇನ್ನು ಒಟ್ಟಿಗೆ ಹೆದರೋಣ."